ಯಕ್ಕಾ ಬೇರಿನ ಡಾಕ್ಟ್ರು

ಡಾಕ್ಟ್ರು ಹೋದ ತಿಂಗಳು ಎರಡನೆಯ ಸಲ ನಿವೃತ್ತರಾದರು. ಮೊದಲ ಸಲ ಆಸ್ಪತ್ರೆಯಿಂದ ನಿವೃತ್ತರಾದಾಗ ಕೇಕು ಕತ್ತರಿಸಿ, ಹೂಗುಚ್ಛ ಕೊಟ್ಟು ಕಳಿಸಿದರಂತೆ. ಯಾರೂ ಗಾಬರಿಯಾಗಲಿಲ್ಲ, ಅವರ ಜಾಗಕ್ಕೆ ಇನ್ನೊಬ್ಬರು ಬಂದರು. ಈ ಸಲ ಹಾಗಾಗಲಿಲ್ಲ. ನಮ್ಮ ಎಜ್‌ವೇರ್ ಕಡೆಯ ಕನ್ನಡ ಹೆಂಗಸರ ಫೋನ್ ಗುಂಪಿಗೆ ಅವರ ಹೆಂಡತಿಯ ಸಂದೇಶ ಬಂತು: 'ಇವರ ಬಲಭುಜ ಕೈಕೊಟ್ಟದ. ಇನ್ನ ಮ್ಯಾಲೆ ಸೀರಿ ತೊಳಿಯೂದಿಲ್ಲ. ತೊಳದಿಟ್ಟ ಸೀರಿ ಇದ್ದವರು ಬಂದು ಒಯ್ಯಬೇಕು.' ಅರ್ಧ ಗಂಟೆಯಲ್ಲಿ ಗುಂಪಿನ ತುಂಬ ಅಳುಮೋರೆಗಳು. ಒಬ್ಬಾಕೆಯಂತೂ ಭುಜಕ್ಕೆ ಒಳ್ಳೆಯ ಫಿಸಿಯೋ ಇದ್ದಾನೆ, ತಾನೇ ಕಾರಿನಲ್ಲಿ ಕರೆದೊಯ್ಯುತ್ತೇನೆ ಎಂದು ಬರೆದಳು. ಅವಳ ಮಗನ ಉಪನಯನ ಹತ್ತಿರದಲ್ಲಿತ್ತು.

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಲಂಡನ್ನಿನ ಉಳಿದ ಮೂಲೆಗಳಿಂದಲೂ ಜನ ಸೀರೆ ಹೊತ್ತು ಬಂದಾರು. ಆ ಭುಜಕ್ಕೆ ಅದು ಒಳ್ಳೆಯದಲ್ಲ.

ನಾನು ಅವರನ್ನು ಮೊದಲು ಕಂಡಾಗ ಯಾರದೋ ಮನೆಯ ಮುಂದಿನ ಅಂಗಳದಲ್ಲಿ ಮಣ್ಣು ಅಗೆಯುತ್ತಿದ್ದರು. ಅದು ವಿಮಾನಗಳೆಲ್ಲ ನಿಂತುಹೋಗಿದ್ದ ಕೊರೋನಾ ಕಾಲ. ಕಾಲು ಆಡಿಸಲು ಮಾತ್ರ ಹೊರಗೆ ಹೋಗಬಹುದಿತ್ತು. ಕೌನ್ಸಿಲ್ ಕಚೇರಿಯ ಕೆಲಸವನ್ನು ಊಟದ ಮೇಜಿನ ಮೇಲೆಯೇ ಮುಗಿಸಿ, ಆಗಿನ್ನೂ ಓದುತ್ತಿದ್ದ ಮಗಳನ್ನು ಎಬ್ಬಿಸಿಕೊಂಡು ನಾನು ಬೀದಿ ಸುತ್ತುತ್ತಿದ್ದೆ. ಪಕ್ಕದ ಬೀದಿಯ ಒಂದು ಮನೆಯ ಮುಂದೆ ಎತ್ತರದ, ಬಡಕಲು ದೇಹದ, ಭಾರತದವರಂತೆ ಕಾಣುವ ವೃದ್ಧರೊಬ್ಬರು ಅಂಗಿಯ ತೋಳನ್ನು ಮೊಣಕೈ ಮೇಲೆ ಮಡಚಿ, ಒಂದು ಮುಳ್ಳುಮುಳ್ಳಾದ ಗಿಡದ ಬುಡಕ್ಕೆ ಸನಿಕೆ ಹಾಕುತ್ತಿದ್ದರು. ಪಕ್ಕದಲ್ಲಿ ತರಕಾರಿ ತರುವ ಗಾಲಿಚೀಲ. ಕೇಳಿಸಿದರೂ ಯಾರಿಗೆ ಅರ್ಥವಾಗುತ್ತದೆ ಎಂಬ ಧೈರ್ಯದಲ್ಲಿ ಮಗಳಿಗೆ ಕನ್ನಡದಲ್ಲಿ, "ಗಿಡ ಕದೀತಿದಾರೆ ಅನ್ಸುತ್ತೆ ಕಣೆ" ಎಂದೆ.

ಅವರು ತಲೆ ಎತ್ತದೆಯೇ ಹೇಳಿದರು. "ಕದಿಯೂದಿಲ್ಲವಾ. ಕೇಳಿ ತಗೊಂಡೀನಿ."

ಅಷ್ಟರಲ್ಲಿ ಆ ಮನೆಯ ಯಜಮಾನ ಕಿಟಕಿಯೊಳಗಿಂದ ನಮಗೆ ಹೆಬ್ಬೆಟ್ಟು ಎತ್ತಿ ತೋರಿಸಿದ. ಸನಿಕೆಯೂ ಅವನದೇ. ಆ ಗಿಡ ಅವನಿಗೆ ಬೇಡವಾಗಿತ್ತು. ಪಾರ್ಸೆಲ್ ತರುವವರ ತೊಡೆಗೆ ಚುಚ್ಚುತ್ತಿತ್ತು, ಎಷ್ಟು ಸಲ ಕಿತ್ತರೂ ಉಳಿದ ಬೇರಿನಿಂದ ಮತ್ತೆ ಚಿಗುರುತ್ತಿತ್ತು. ಅಪರಿಚಿತ ಮುದುಕರೊಬ್ಬರು ಬಾಗಿಲು ತಟ್ಟಿ ನಿಮ್ಮ ಗಿಡದ ಬೇರು ಬೇಕು ಎಂದಾಗ ಅವನು ಕಾರಣವನ್ನೂ ಕೇಳಿರಲಿಲ್ಲ.

ಅದು ಯಕ್ಕಾ. ಲಂಡನ್ನಿನ ಈ ಹೊರವಲಯದಲ್ಲಿ ಬೀದಿಗೊಂದಾದರೂ ಸಿಗುತ್ತದೆ. ನಮ್ಮ ಕತ್ತಾಳೆಯ ದೂರದ ನಂಟ. ಕತ್ತಿಯಂಥ ಎಲೆ, ತುದಿಯಲ್ಲಿ ಸೂಜಿ, ಬೇಸಿಗೆ ಚೆನ್ನಾಗಿ ಬಿದ್ದರೆ ನಡುವಿನಿಂದ ಆಳೆತ್ತರದ ದಂಟು ಎದ್ದು ಬಿಳಿಯ ಹೂಗಳು ತೂಗುತ್ತವೆ. ಅಮೆರಿಕದ ಮರುಭೂಮಿಯ ಕಡೆಯ ಗಿಡ ಈ ಒದ್ದೆ ಊರಿಗೆ ಅಲಂಕಾರಕ್ಕೆಂದು ಬಂದು ತಳವೂರಿದೆ. ನಾನು ಅದರ ಪಕ್ಕದಲ್ಲಿ ವರ್ಷಗಟ್ಟಲೆ ಹಾದುಹೋಗಿದ್ದೆ, ಹೆಸರು ಕೇಳುವ ಯೋಚನೆಯೇ ಬಂದಿರಲಿಲ್ಲ.

ಡಾಕ್ಟ್ರು ಒಂದು ತುಂಡು ಬೇರು ಮುರಿದು, ಮನೆಯ ಬೀಗದ ಕೈಯಿಂದ ಕಂದು ಸಿಪ್ಪೆ ಹೆರೆದು, ಬಾಟಲಿಯ ನೀರು ಹನಿಸಿಕೊಂಡು ಎರಡು ಅಂಗೈ ನಡುವೆ ಉಜ್ಜಿದರು. ಬಿಳಿ ನೊರೆ ಉಕ್ಕಿ ಬೆರಳ ಸಂದಿಯಿಂದ ಇಳಿಯಿತು. ಮಗಳು ಕಿವಿಯಿಂದ ಇಯರ್‌ಫೋನ್ ತೆಗೆದಳು. ಅಂಟುವಾಳ ಗೊತ್ತೇನು ಎಂದು ಅವಳನ್ನು ಕೇಳಿದರು, ಅವಳಿಗೆ ಗೊತ್ತಿರಲಿಲ್ಲ. ಸೀಗೆಕಾಯಿ? ಅದೂ ಇಲ್ಲ. ಅವರು ನನ್ನ ಕಡೆ ತಿರುಗಿ, ಕಿವಿ ಸೋರುವ ಮಗುವನ್ನು ತಡವಾಗಿ ತಂದ ತಾಯಿಯನ್ನು ನೋಡುವಂತೆ ನೋಡಿದರು.

ಅವರು ಧಾರವಾಡದವರು. ಕಿವಿ, ಮೂಗು, ಗಂಟಲಿನ ಶಸ್ತ್ರವೈದ್ಯರಾಗಿ ಇಲ್ಲಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಇಡೀ ವೃತ್ತಿಜೀವನ ಕಳೆದವರು. ಆ ಕೆಲಸ ಅವರ ಮೈಗೆ ಹಾಗೇ ಅಂಟಿಕೊಂಡಿತ್ತು. ಏನನ್ನು ನೋಡುವುದಿದ್ದರೂ ತಲೆ ಒಂದು ಪಕ್ಕಕ್ಕೆ ವಾಲಿಸಿ, ಒಂದು ಕಣ್ಣು ಕಿರಿದು ಮಾಡಿ ಒಳಗೆ ಇಣುಕುತ್ತಿದ್ದರು. ಸಾಂಬಾರಿನ ಪಾತ್ರೆಯನ್ನೂ ಹಾಗೇ ನೋಡುತ್ತಿದ್ದರು, ಅಂಚೆಪೆಟ್ಟಿಗೆಯನ್ನೂ ಹಾಗೇ. ಕೈ ತೊಳೆದ ಮೇಲೆ ಎರಡೂ ಮುಂಗೈ ಮೇಲಕ್ಕೆತ್ತಿ, ನೀರು ಮೊಣಕೈಯಿಂದ ತೊಟ್ಟಿಕ್ಕುವಂತೆ ನಿಲ್ಲುತ್ತಿದ್ದರು. ಬಾಗಿಲ ಚಿಲಕವನ್ನು ಮೊಣಕೈಯಿಂದಲೇ ತೆಗೆಯುತ್ತಿದ್ದರು. ಹೊಸದಾಗಿ ಬಂದವರಿಗೆ ಇದು ವಿಚಿತ್ರವೆನಿಸುತ್ತಿತ್ತು. ಬಾಗಿಲು ತೆರೆದ ಮನುಷ್ಯ ಎರಡೂ ಕೈ ಎತ್ತಿ ಶರಣಾದವನಂತೆ ನಿಂತಿರುತ್ತಿದ್ದ.

ತೊಳೆಯುವ ಹುಚ್ಚು ಶುರುವಾದದ್ದೂ ಅಲ್ಲಿಂದಲೇ. ಆಪರೇಷನ್ನಿಗೆ ಮೊದಲು ಕೈ ಉಜ್ಜಿ ಉಜ್ಜಿ ಚರ್ಮ ಬಿರುಕು ಬಿಟ್ಟಿತ್ತು. ಯಾವ ಸೋಪು ಮುಟ್ಟಿದರೂ ಉರಿ. ಊರಿನಿಂದ ಯಾರೋ ತಂದ ಅಂಟುವಾಳದ ನೀರಿನಲ್ಲಿ ಮನೆಯಲ್ಲಿ ಕೈ ತೊಳೆದು ನೋಡಿದರು, ಹಿತವಾಯಿತು. ಆಮೇಲೆ ಅದೇ ನೀರಿನಲ್ಲಿ ತಾವು ಪೂಜೆಗೆ ಉಡುವ ರೇಷ್ಮೆಯ ಮಗುಟ ತೊಳೆದರು, ಆಮೇಲೆ ಹೆಂಡತಿಯ ರೇಷ್ಮೆ ಸೀರೆ. "ಸೋಪಿಗೆ ಸಿಟ್ಟು ಭಾಳ. ಕಾಯಿಗೆ, ಬೇರಿಗೆ ಸಿಟ್ಟಿಲ್ಲ" ಎನ್ನುತ್ತಿದ್ದರು.

ಕೊರೋನಾದಲ್ಲಿ ಊರಿನಿಂದ ಜನ ಬರುವುದು ನಿಂತಿತು, ಅಂಟುವಾಳದ ಡಬ್ಬಿ ಬರಿದಾಯಿತು. ಆಗ ಅವರಿಗೆ ನೆನಪಾದದ್ದು ಬಹಳ ಹಿಂದೆ ಅಮೆರಿಕದ ಮರುಭೂಮಿಯ ಕಡೆ ಪ್ರವಾಸ ಹೋದಾಗ ಕಂಡ ಒಂದು ದೃಶ್ಯ. ಅಲ್ಲಿನ ಮೂಲನಿವಾಸಿ ಅಜ್ಜಿಯೊಬ್ಬಳು ತನ್ನ ಮನೆಯಂಗಳದಲ್ಲಿ ಯಕ್ಕಾ ಬೇರು ಜಜ್ಜಿ, ನೀರಿನಲ್ಲಿ ಕಡೆದು, ಬೋಗುಣಿಯ ತುಂಬ ನೊರೆ ಎಬ್ಬಿಸಿ ಮೊಮ್ಮಗಳ ತಲೆ ತೊಳೆಯುತ್ತಿದ್ದಳಂತೆ. ಮದುವೆಯಂಥ ಶುಭಕಾರ್ಯಕ್ಕೂ ಅದರಲ್ಲೇ ತಲೆಸ್ನಾನ, ಉಣ್ಣೆಯ ಕಂಬಳಿಗೂ ಅದೇ ಎಂದು ಹೇಳಿದಳಂತೆ. ಡಾಕ್ಟ್ರ ಹೆಂಡತಿ ಆ ನೊರೆಯಲ್ಲಿ ಬೆರಳದ್ದಿ, ಇದು ನಮ್ಮ ಅಂಟುವಾಳದ ಅಕ್ಕ ಎಂದಿದ್ದರಂತೆ. ಅಕ್ಕ ನಮ್ಮ ಬೀದಿಯಲ್ಲೇ ಇದ್ದಾಳೆ ಎಂಬುದು ಡಾಕ್ಟ್ರಿಗೆ ಹೊಳೆದದ್ದು ಮಾತ್ರ ಅಷ್ಟು ವರ್ಷ ಕಳೆದ ಮೇಲೆ.

ಹೆಂಡತಿಯನ್ನು ನಾವೆಲ್ಲ ಕರೆಯುತ್ತಿದ್ದದ್ದು ವೈನಿ ಎಂದು. ಧಾರವಾಡದ ಕಡೆ ಅತ್ತಿಗೆಗೆ ಹಾಗನ್ನುತ್ತಾರೆ. ಮೈಸೂರಿನ ನನ್ನ ಬಾಯಿಗೂ ಅದೇ ಬಂತು. ವೈನಿಯೂ ಡಾಕ್ಟರೇ, ಗ್ರೀನ್‌ಫರ್ಡಿನಲ್ಲಿ ಬಹುಕಾಲ ಜಿಪಿ, ಅಂದರೆ ಬಡಾವಣೆಯ ಕುಟುಂಬ ವೈದ್ಯೆ, ಆಗಿದ್ದವರು. ಒಂದು ಕರವಸ್ತ್ರವನ್ನೂ ಅವರು ಕೈಯಲ್ಲಿ ಒಗೆದದ್ದು ನಾನು ಕಂಡಿಲ್ಲ. "ಅವರು ತೊಳೀಲಿ, ನಾನು ಉಡ್ತೀನಿ. ಸಂಸಾರ ಅಂದ್ರ ಕೆಲಸ ಹಂಚಿಕೊಳ್ಳೂದು" ಎಂದು ಗಂಭೀರವಾಗಿ ಹೇಳುತ್ತಿದ್ದರು. ಯಕ್ಕಾ ಬೇರು ಮನೆಗೆ ಬಂದಾಗ ಡಾಕ್ಟ್ರು ಔಷಧದ ಪ್ರಯೋಗದ ಹಾಗೆ ಕ್ರಮವಾಗಿ ಹೋದರು. ಮೊದಲು ತಮ್ಮ ಹಳೆಯ ಪಂಚೆ, ಆಮೇಲೆ ದಿಂಬಿನ ಚೀಲ, ಆಮೇಲೆ ವೈನಿಗೆ ಸೇರದ ಒಂದು ಸೀರೆ, ಕೊನೆಗೆ ವೈನಿಗೆ ಸೇರುವ ಸೀರೆ. ಆ ದಿನಗಳಲ್ಲಿ ಬೀರುವಿಗೆ ಬೀಗ ಹಾಕಿ ಮಲಗುತ್ತಿದ್ದೆ ಎಂದು ವೈನಿ ಹೇಳುತ್ತಾರೆ.

ಪ್ರಯೋಗ ಗೆದ್ದಿತು. ಲಾಕ್‌ಡೌನ್ ಮುಗಿದು ಜನ ಮತ್ತೆ ಸೇರತೊಡಗಿದಾಗ ಎಲ್ಲರ ಪೆಟ್ಟಿಗೆಗಳಿಂದಲೂ ಮುಗ್ಗುವಾಸನೆಯ ರೇಷ್ಮೆ ಹೊರಬಂತು. ವೈನಿಯ ಸೀರೆ ಮಾತ್ರ ಅಂಗಡಿಯಿಂದ ಆಗ ತಂದಂತೆ ಮೃದುವಾಗಿತ್ತು. ಗುಟ್ಟು ಯುಗಾದಿ ಊಟದಲ್ಲಿ ಹೊರಬಿತ್ತು. ಅಲ್ಲಿಂದ ಡಾಕ್ಟ್ರ ಮನೆಗೆ ಚೀಲ ಹಿಡಿದವರ ಸಾಲು. ಫೆಲ್ಥಮ್‌ನಿಂದ, ವಿಮಾನ ನಿಲ್ದಾಣದಲ್ಲಿ ಕೆಲಸ ಮಾಡುವ ಹೆಣ್ಣುಮಗಳೊಬ್ಬಳು ಪಾಳಿ ಮುಗಿಸಿ ಯೂನಿಫಾರ್ಮಿನಲ್ಲೇ ಎರಡು ಬಸ್ಸು, ಒಂದು ಟ್ಯೂಬ್ ರೈಲು ಬದಲಿಸಿ ಬರುತ್ತಿದ್ದಳು.

ಸೀರೆ ಕೊಟ್ಟು ಓಡಿಬರುವ ಹಾಗಿರಲಿಲ್ಲ. ಕುರ್ಚಿಯಲ್ಲಿ ಕೂರಿಸಿ ವಿಚಾರಿಸುತ್ತಿದ್ದರು. ವಯಸ್ಸೆಷ್ಟು, ಎಲ್ಲಿಯದು, ಹಿಂದೆ ಯಾರಾದರೂ ತೊಳೆದಿದ್ದಾರೆಯೇ, ಯಾವುದರಲ್ಲಿ, ಬಣ್ಣ ಬಿಡುವ ಚಾಳಿ ಮನೆತನದಲ್ಲಿ ಇದೆಯೇ. ಕಿಟಕಿಯ ಬೆಳಕಿಗೆ ಹಿಡಿದು, ತಲೆ ವಾಲಿಸಿ, ಇಣುಕಿ ನೋಡುತ್ತಿದ್ದರು. ಯಾವಾಗ ಸಿಗುತ್ತದೆ ಎಂದು ಕೇಳಿದರೆ ಒಂದೇ ಉತ್ತರ: "ಸರ್ಕಾರಿ ದವಾಖಾನಿ ಇದ್ದಂಗ ತಿಳ್ಕೊ. ರೊಕ್ಕ ಇಲ್ಲ, ಕಾಯೂದು ಭಾಳ."

ಅವರು ತೊಳೆಯುವುದನ್ನು ನೋಡುವುದೇ ಒಂದು ಸುಖ. ಬೇರಿನ ಸಿಪ್ಪೆ ಹೆರೆದು, ಒಳಗಿನ ಬೆಳ್ಳನೆಯ ತಿರುಳನ್ನು ಕಲ್ಲಿನಲ್ಲಿ ಜಜ್ಜಿ, ಉಗುರುಬೆಚ್ಚಗಿನ ನೀರಿನಲ್ಲಿ ನೆನೆಹಾಕಿ, ಬಟ್ಟೆಯಲ್ಲಿ ಸೋಸುತ್ತಿದ್ದರು. ಮಜ್ಜಿಗೆ ಕಡೆಯುವಂತೆ ಕೈಯಾಡಿಸಿದರೆ ಸ್ನಾನದ ತೊಟ್ಟಿಯ ತುಂಬ ನೊರೆ. ಸೀರೆಯನ್ನು ಮಡಿಕೆ ಮಡಿಕೆಯಾಗಿ ಇಳಿಬಿಟ್ಟು, ತಿಕ್ಕದೆ, ಹಿಂಡದೆ, ಅಂಗೈಯಿಂದ ಒತ್ತುತ್ತ ಹೋಗುತ್ತಿದ್ದರು. ಆ ಹೊತ್ತಿನಲ್ಲಿ ಮಾತಾಡಿಸಿದರೆ ಉತ್ತರ ಬರುತ್ತಿರಲಿಲ್ಲ. ಮುಗಿದ ಮೇಲೆ ಮಾತ್ರ ಆ ಸೀರೆಯ ಬಗ್ಗೆ ಒಂದು ಮಾತು: ಇದು ಹಟಮಾರಿ, ಇದು ಸಾಧು, ಇದಕ್ಕೆ ಊಟದ ಮನೆಗಳು ಬಹಳ ಇಷ್ಟ.

ಹೋದ ವರ್ಷ ನನ್ನ ಮಗಳ ಮದುವೆ ಗೊತ್ತಾಯಿತು. ಹುಡುಗ ಇಲ್ಲಿಯವನೇ, ಇಂಗ್ಲಿಷ್ ಕುಟುಂಬ. ರಿಜಿಸ್ಟ್ರಿಯಲ್ಲಿ ಸಹಿ, ಆಮೇಲೆ ಒಂದು ಸಭಾಂಗಣದಲ್ಲಿ ಧಾರೆ ಮತ್ತು ಊಟ. ಸೀರೆ ಕೊಳ್ಳಲು ಊರಿಗೆ ಹೋಗೋಣವೆ ಎಂದರೆ ಮಗಳು ಬೇಡವೆಂದಳು. ಅವಳಿಗೆ ಅಜ್ಜಿಯ ಧಾರೆ ಸೀರೆಯೇ ಬೇಕಾಗಿತ್ತು. ನನ್ನ ತಾಯಿ ಮೈಸೂರಿನಲ್ಲಿ ಧಾರೆಯ ಹೊತ್ತಿಗೆ ಉಟ್ಟ, ಕೆಂಪು ಅಂಚಿನ ಕೆನೆಬಿಳಿ ರೇಷ್ಮೆ. ಅದನ್ನೇ ನಾನೂ ಉಟ್ಟು ಮದುವೆಯಾಗಿದ್ದೆ. ಅಮ್ಮ ತೀರಿಕೊಂಡ ಮೇಲೆ ನನ್ನ ಪಾಲಿಗೆ ಬಂದ ಆ ಸೀರೆ ಬೀರುವಿನಲ್ಲಿ ಕರ್ಪೂರದ ಜೊತೆ ಮಲಗಿತ್ತು. ತೆರೆದಾಗ ಮಡಿಕೆಗಳ ಮೇಲೆ ಕಂದು ಗೆರೆಗಳು. ಡ್ರೈ ಕ್ಲೀನಿನವನು ನೋಡಿ, ಜವಾಬ್ದಾರಿ ತನ್ನದಲ್ಲ ಎಂದು ಹಿಂದಕ್ಕೆ ತಳ್ಳಿದ.

ಡಾಕ್ಟ್ರು ಕೂಡಲೇ ಒಪ್ಪಲಿಲ್ಲ. ಹಳೆಯ ಕೆಂಪನ್ನು ನಂಬುವ ಹಾಗಿಲ್ಲ ಎಂದರು. ಸೆರಗಿನ ತುದಿಯ ಕೆಂಪಿಗೆ ಒದ್ದೆ ಬಿಳಿಬಟ್ಟೆ ಒತ್ತಿ ನೋಡಿದರು. ಬಟ್ಟೆ ಬಿಳಿಯಾಗೇ ಉಳಿಯಿತು. ನಾಳೆ ಬಾ ಎಂದರು. ಮರುದಿನ ಮತ್ತೆ ಒತ್ತಿದರು, ಮತ್ತೆ ಬಿಳಿ. ಸರಿ, ಇಟ್ಟು ಹೋಗು ಎಂದರು.

ಆ ಶನಿವಾರ ಮಧ್ಯಾಹ್ನ ನಮ್ಮ ಮನೆಯ ಗಂಟೆ ಸದ್ದಾಯಿತು. ತೆರೆದರೆ ಮೆಟ್ಟಿಲ ಕೆಳಗೆ ಡಾಕ್ಟ್ರು, ಅವರ ಹಿಂದೆ ವೈನಿ. ಅವರು ಫೋನ್ ಮಾಡದೆ ಬಂದವರೇ ಅಲ್ಲ. ಎರಡೂ ತೋಳಿನ ಮೇಲೆ, ನಿದ್ದೆಹೋದ ಮಗುವನ್ನು ಹಿಡಿದ ಹಾಗೆ, ಬಿಳಿ ಹಾಸಿನಲ್ಲಿ ಸುತ್ತಿದ ಸೀರೆ. ಒಳಗೆ ಬನ್ನಿ ಎಂದೆ. ಬರಲಿಲ್ಲ.

"ಬಣ್ಣ ಬಿಟ್ಟದವಾ" ಎಂದರು. "ಸೆರಗು ಹಿಂದ ನೀರು ಕಂಡಿತ್ತು, ಅದಕ್ಕ ಸುಮ್ಮನಿತ್ತು. ಒಳಗಿನ ಅಂಚು ನೀರು ಕಂಡೇ ಇದ್ದಿಲ್ಲ. ಅಲ್ಲಿ ಒತ್ತಿ ನೋಡಬೇಕಿತ್ತು, ನೋಡಲಿಲ್ಲ. ನಮ್ಮ ಡಾಕ್ಟರ್ ಮಂದಿ ಇದಕ್ಕ ಕಾಂಪ್ಲಿಕೇಶನ್ ಅಂತಾರ. ಕನ್ನಡದಾಗ ತಪ್ಪು ಅಂತಾರ."

ನಾನು ಹಾಸು ಸರಿಸಿ ನೋಡಿದೆ. ಕಂದು ಗೆರೆಗಳು ಹೋಗಿದ್ದವು. ಆದರೆ ಅಂಚಿನುದ್ದಕ್ಕೂ ಕೆಂಪು ಕರಗಿ, ಕೆನೆಬಿಳಿಯ ಒಡಲಿಗೆ ಮೋಡಮೋಡವಾಗಿ ಹಬ್ಬಿತ್ತು. ಒಂದು ಕಡೆ ಗುಲಾಬಿ, ಒಂದು ಕಡೆ ಬಿಳಿ, ಮಧ್ಯೆ ನಕ್ಷೆಯಲ್ಲಿ ಬರೆದ ದ್ವೀಪಗಳ ಹಾಗೆ ಕಲೆ. ಪರವಾಗಿಲ್ಲ ಎಂದು ನಾನು ಅನ್ನಲಿಲ್ಲ. ಡಾಕ್ಟ್ರು ಅದನ್ನು ನಿರೀಕ್ಷಿಸಿಯೂ ಇರಲಿಲ್ಲ. ಸೀರೆಯನ್ನು ನನ್ನ ತೋಳಿಗೆ ದಾಟಿಸಿ, ಬರಿದಾದ ಕೈಗಳನ್ನು ಎಲ್ಲಿಡುವುದೆಂದು ತೋಚದೆ ಕೋಟಿನ ಜೇಬಿಗೆ ತುರುಕಿಕೊಂಡರು. ಕಾಫಿಯೂ ಬೇಡವೆಂದು ಹೊರಟುಹೋದರು. ವೈನಿ ಹಿಂದಿರುಗಿ ನನ್ನ ಕೆನ್ನೆ ಮುಟ್ಟಿ ಗಂಡನ ಹಿಂದೆ ನಡೆದರು.

ಸಂಜೆ ಮಗಳು ಬಂದಾಗ ಸೀರೆ ಊಟದ ಮೇಜಿನ ಮೇಲೆ ಹರಡಿತ್ತು. ಅವಳು ಕೋಟು ತೆಗೆಯದೆ ಬಹಳ ಹೊತ್ತು ನಿಂತು ನೋಡಿದಳು. ಬೇರೆ ಸೀರೆ ತರಿಸೋಣ, ಇನ್ನೂ ಸಮಯವಿದೆ ಎಂದು ನಾನೇ ಹೇಳಿದೆ. ಅವಳು ಕಿವಿಗೊಡಲಿಲ್ಲ. ಗುಲಾಬಿಯಾದ ಜಾಗವನ್ನು ಬೆರಳಿನಿಂದ ಸವರಿ, ಈ ಬಣ್ಣದಲ್ಲಿ ತಪ್ಪೇನಿಲ್ಲ, ಅರ್ಧಕ್ಕೆ ನಿಂತಿರುವುದೇ ತಪ್ಪು ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಆಮೇಲೆ ಸೀರೆಯನ್ನು ಸುತ್ತಿ ಎತ್ತಿಕೊಂಡು ಬಾಗಿಲ ಕಡೆ ಹೊರಟಳು. ನಾನು ಚಪ್ಪಲಿ ಮೆಟ್ಟಿ ಹಿಂದೆ ಓಡಿದೆ.

ಡಾಕ್ಟ್ರು ಸೀರೆ ನೋಡಿ ಎರಡು ಹೆಜ್ಜೆ ಹಿಂದೆ ಸರಿದರು. ಅಷ್ಟು ವರ್ಷದಲ್ಲಿ ಅವರನ್ನು ಹೆದರಿದವರಾಗಿ ನಾನು ಕಂಡದ್ದು ಅದೊಂದೇ ಸಲ. "ನಾನು ಇನ್ನ ಇದನ್ನ ಮುಟ್ಟೂದಿಲ್ಲ" ಎಂದರು.

"ಅಂಕಲ್, ನೀವು ಮುಟ್ಟಬೇಡಿ. ನಾನು ಮುಟ್ತೀನಿ. ಹೆಂಗೆ ಅಂತ ಹೇಳಿ" ಎಂದಳು ಮಗಳು. ಕನ್ನಡದಲ್ಲಿ ಹೇಳಿದಳು. ನಾನು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟೇ ದೊಡ್ಡವಳಾದ ಹುಡುಗಿ ಅವಳು.

ಆ ಸಂಜೆ ಅವರ ಬಚ್ಚಲಲ್ಲಿ ನಡೆದದ್ದನ್ನು ವೈನಿ ಮತ್ತು ನಾನು ಬಾಗಿಲಲ್ಲಿ ನಿಂತು ನೋಡಿದೆವು. ಡಾಕ್ಟ್ರು ಸ್ಟೂಲಿನ ಮೇಲೆ ಕೂತು, ಎರಡೂ ಕೈ ಮಡಿಲಲ್ಲಿ ಕಟ್ಟಿಕೊಂಡು ಹೇಳುತ್ತಿದ್ದರು. ಮಗಳು ಪ್ಯಾಂಟು ಮಡಚಿ, ತೊಟ್ಟಿಯ ಪಕ್ಕ ಮೊಣಕಾಲೂರಿ ಮಾಡುತ್ತಿದ್ದಳು. ಬೇರು ಜಜ್ಜಿದವಳೂ ಅವಳೇ. ಮೊದಲು ಅಂಚನ್ನಷ್ಟೇ ಬೆಚ್ಚಗಿನ ನೀರಿನಲ್ಲಿ ನೆನೆಹಾಕಿ, ಎಷ್ಟು ಕೆಂಪು ಇಳಿಯುತ್ತದೋ ಅಷ್ಟನ್ನೂ ನೀರಿಗೆ ಇಳಿಯಲು ಬಿಟ್ಟರು. ಆಮೇಲೆ ಎಲ್ಲ ಕಡೆಯೂ ಒಂದೇ ಬಣ್ಣ ಹಿಡಿಯಲೆಂದು ಅದೇ ಕೆಂಪು ನೀರಿಗೆ ನೊರೆ ಕಡೆದು ಇಡೀ ಒಡಲನ್ನು ಇಳಿಸಿದರು. ನೊರೆ ನೀರನ್ನು ಎಲ್ಲ ಎಳೆಗೂ ಒಂದೇ ಸಮನೆ ಒಯ್ಯುತ್ತದೆ ಎಂಬುದು ಅವರ ಲೆಕ್ಕ, ಆದರೆ ಆಗಿಯೇ ಆಗುತ್ತದೆ ಎಂಬ ಮಾತನ್ನು ಅವರು ಕೊಡಲಿಲ್ಲ. ಜಾಲಾಡು ಎಂದರು. ಅವಳಿಗೆ ಅರ್ಥವಾಗಲಿಲ್ಲ. ಕೈಯಿಂದ ತೋರಿಸಿದರು. ಅದ್ದು, ಮಗುಚು, ಅಲುಗಿಸು, ಹಿಂಡಬೇಡ, ಕೊಡವು. ಅವಳು ಒಂದೊಂದನ್ನೂ ತಿರುಗಿ ಅಂದುಕೊಂಡು ಮಾಡಿದಳು. ಒಮ್ಮೆ ನೀರಿನಲ್ಲಿ ಸೀರೆ ಗಂಟಾದಾಗ ಡಾಕ್ಟ್ರ ಕೈ ತಾನಾಗಿ ಮುಂದೆ ಬಂತು, ಅರ್ಧದಲ್ಲಿ ನಿಂತಿತು. ಮಗಳು ಅವರ ಮುಂಗೈ ಹಿಡಿದು ನೀರಿಗೆ ಎಳೆದುಕೊಂಡಳು. ಆಮೇಲೆ ನಾಲ್ಕು ಕೈಗಳು ನೊರೆಯೊಳಗೆ ಒಟ್ಟಿಗೆ ಆಡತೊಡಗಿದವು. ವೈನಿ ನನ್ನ ಕಿವಿಯಲ್ಲಿ, ಇನ್ನ ಚಹಾ ಮಾಡಬಹುದು ಎಂದರು.

ನೆರಳಿನಲ್ಲಿ ಒಣಗಿದ ಸೀರೆ ಸೀಬೆಹಣ್ಣಿನ ಒಳಗಿನ ಬಣ್ಣಕ್ಕೆ ಬಂದಿತ್ತು. ಅಂಚು ಸ್ವಲ್ಪ ಮಾಸಿತ್ತು. ಹುಡುಕಿದರೆ ಎಡಬದಿಗೆ ಒಂದು ತಿಳಿ ಮಚ್ಚೆ ಸಿಗುತ್ತಿತ್ತು. ಅದು ನನ್ನ ತಾಯಿ ಉಟ್ಟ ಸೀರೆಯಲ್ಲ ಎಂಬುದು ನಿಜ. ನನಗೆ ಅದನ್ನು ಒಪ್ಪಿಕೊಳ್ಳಲು ಕೆಲವು ದಿನ ಹಿಡಿದವು. ಮಗಳಿಗೆ ಅಷ್ಟು ಹೊತ್ತೂ ಬೇಕಾಗಲಿಲ್ಲ, ಅದು ಅವಳು ತೊಳೆದ ಸೀರೆಯಾಗಿತ್ತು.

ಮದುವೆಗೆ ಡಾಕ್ಟ್ರು ಬರುವುದಿಲ್ಲ ಎಂದಿದ್ದರು. ವೈನಿ ಹೇಗೋ ಎಳೆದು ತಂದರು. ಕೊನೆಯ ಸಾಲಿನಲ್ಲಿ, ಕಂಬದ ಮರೆಯಲ್ಲಿ ಕೂತಿದ್ದರು. ಧಾರೆಯಾಯಿತು, ಚಪ್ಪಾಳೆಯಾಯಿತು, ಉದ್ದ ಮೇಜುಗಳ ಮೇಲೆ ಬಾಳೆಲೆ ಹಾಕಿ ಊಟಕ್ಕೆ ಕೂತೆವು. ಹುಡುಗನ ಚಿಕ್ಕಮ್ಮ ಇದೇ ಬಣ್ಣದ ಬಟ್ಟೆ ಎಲ್ಲಿ ಸಿಗುತ್ತದೆ ಎಂದು ನನ್ನನ್ನು ಕೇಳಿದಳು. ಎಲ್ಲೂ ಸಿಗುವುದಿಲ್ಲ ಎಂದೆ. ಆಕೆ ಅದನ್ನು ಜಂಬವೆಂದು ತಿಳಿದುಕೊಂಡಿರಬೇಕು.

ಆಗ ಆದದ್ದು ಇದು. ಬಾಳೆಲೆಯ ಮೇಲೆ ಸಾರು ಹರಿಯುತ್ತದೆ ಎಂಬುದು ಅಳಿಯನಿಗೆ ಗೊತ್ತಿರಲಿಲ್ಲ. ಅದನ್ನು ತಡೆಯಲೆಂದು ಎಲೆಯ ತುದಿ ಎತ್ತಿದ. ಸಾರು ಪಕ್ಕದಲ್ಲಿ ಕೂತ ಹೆಂಡತಿಯ ಮಡಿಲಿಗೆ ಇಳಿಯಿತು. ಗುಲಾಬಿ ರೇಷ್ಮೆಯ ಮೇಲೆ ಅಂಗೈಯಗಲದ ಅರಿಸಿನದ ಕಲೆ. ಅಳಿಯನ ಮುಖ ಬಿಳಿಚಿತು. ಒಬ್ಬೊಬ್ಬರಾಗಿ ಎಲ್ಲರ ತಲೆಯೂ ಕಂಬದ ಕಡೆ ತಿರುಗಿತು.

ಡಾಕ್ಟ್ರು ಎದ್ದು ಬಂದರು. ತಲೆ ವಾಲಿಸಿ, ಕಣ್ಣು ಕಿರಿದು ಮಾಡಿ, ಕಲೆಯನ್ನು ಈ ಕಡೆಯಿಂದ ಒಮ್ಮೆ, ಆ ಕಡೆಯಿಂದ ಒಮ್ಮೆ ನೋಡಿದರು. ಆಮೇಲೆ ಮಗಳ ತಲೆಯ ಮೇಲೆ ಕೈಯಿಟ್ಟರು.

"ಉಟ್ಟ ಸೀರಿ ಅಂದ್ರ ಹಿಂಗ ಆಗೂದ. ಊಟಾ ಮಾಡವಾ, ಅನ್ನ ಆರತದ."

ಮಗಳು ನಕ್ಕಳು. ಅಳಿಯನಿಗೆ ಭಾಷೆ ತಿಳಿಯದಿದ್ದರೂ ಉಸಿರು ಬಂತು. ಡಾಕ್ಟ್ರು ಕಂಬದ ಮರೆಗೆ ಹಿಂದಿರುಗಲಿಲ್ಲ. ಅವಳ ಎದುರಿಗೆ ಖಾಲಿಯಿದ್ದ ಕುರ್ಚಿ ಎಳೆದುಕೊಂಡು ಕೂತು, ತಮಗೂ ಒಂದು ಎಲೆ ಹಾಕಿಸಿಕೊಂಡು, ಬಡಿಸುವವನನ್ನು ಕೈಸನ್ನೆ ಮಾಡಿ ಕರೆದರು. ಹೋಳಿಗೆ ಬಂತು. ಒಂದು ಹಾಕಿ ಮುಂದೆ ಹೋಗುತ್ತಿದ್ದವನ ತೋಳು ಹಿಡಿದು ನಿಲ್ಲಿಸಿ, ಇನ್ನೊಂದು ಹಾಕು, ತುಪ್ಪವನ್ನೂ ಈ ಕಡೆ ತಾ ಎಂದರು.